ಹೊಕ್ಕುಳಬಳ್ಳಿಯಿಂದ ಸೆಲ್ ಬೆಳೆಸುವ ನನ್ನ ಕೆಲಸ

ಪುಣೆಯ ಒಂದು ಲ್ಯಾಬಿನಲ್ಲಿ ಸ್ಟೆಮ್ ಸೆಲ್ ಬೆಳೆಸುತ್ತೇನೆ ಅಂದ ಕೂಡಲೇ ನಮ್ಮ ಕನ್ನಡದವರು ಕೇಳೋದು ಒಂದೇ: "ಸವೆದ ಮಂಡಿ ಹೊಸದಾಗಿ ಬೆಳೆಯುತ್ತಾ?" ನಾನು ಬೆಳೆಸೋದು ಮೂಳೆ, ಕೊಬ್ಬು, ಮೃದ್ವಸ್ಥಿಯಾಗಬಲ್ಲ ಮೆಸೆಂಕೈಮಲ್ ಅನ್ನೋ ಬಗೆಯ ಸ್ಟೆಮ್ ಸೆಲ್‌. ಆದರೆ ನಮಗೆ ಅದು ಬೇಕಾಗಿರೋದು ಬೇರೆ ಕೆಲಸಕ್ಕೆ: ರೋಗಾಣುಗಳ ಜೊತೆ ಕಾದಾಡೋದು ಬಿಟ್ಟು ನಮ್ಮ ಮೈಮೇಲೇ ತಿರುಗಿಬಿದ್ದ ಬಿಳಿ ರಕ್ತಕಣ, ಟಿ ಸೆಲ್‌ಗಳನ್ನು ಸುಮ್ಮನಾಗಿಸೋದಕ್ಕೆ.

ಹೆರಿಗೆಯಾದ ಮೇಲೆ, ತಾಯಿಯ ಒಪ್ಪಿಗೆ ಪತ್ರದ ಜೊತೆ ಹೊಕ್ಕುಳಬಳ್ಳಿ ಬರುತ್ತದೆ. ಮೂರು ರಕ್ತನಾಳ ಎಳೆದು ತೆಗೆದರೆ ಉಳಿಯೋದು ಜಾರುವ ಬಿಳಿ ಲೋಳೆ, ವಾರ್ಟನ್ಸ್ ಜೆಲ್ಲಿ. ಸಣ್ಣಗೆ ಹೆಚ್ಚಿ, ಪ್ಲೇಟಿಗೆ ಅಂಟಿಸಿ, 37 ಡಿಗ್ರಿಯಲ್ಲಿ ಇಡುತ್ತೇನೆ. ಆಮೇಲೆ ಕೆಲವು ದಿನ ಮುಟ್ಟಬಾರದು. ಹೊಸದಾಗಿ ಸೇರಿದ ಹುಡುಗರಿಗೆ ಇದೇ ಕಷ್ಟ, ಗಳಿಗೆಗೊಮ್ಮೆ ಎತ್ತಿ ನೋಡುತ್ತಾರೆ, ಚೂರು ಕಿತ್ತು ತೇಲುತ್ತದೆ. ಬಿಟ್ಟರೆ ಚೂರಿನ ಅಂಚಿನಿಂದ ಉದ್ದುದ್ದ ಸೆಲ್‌ಗಳು ತಾವೇ ಹೊರಗೆ ಬರುತ್ತವೆ. ಅವುಗಳ ಮೇಲೆ ಗುರುತಿನ ಪ್ರೋಟೀನುಗಳಾದ ಸಿಡಿ73, ಸಿಡಿ90, ಸಿಡಿ105 ಇರಬೇಕು, ರಕ್ತದ ಸೆಲ್ಲಿನ ಗುರುತಾದ ಸಿಡಿ45 ಇರಬಾರದು.

ಇಷ್ಟಾದರೆ ಸಾಲದು, ಟಿ ಸೆಲ್ ನಿಜಕ್ಕೂ ಸುಮ್ಮನಾಗುತ್ತವಾ ನೋಡಬೇಕು. ಟಿ ಸೆಲ್‌ಗಳಿಗೆ ಹೊಳೆಯುವ ಬಣ್ಣ ಹಾಕಿ, ಕೆರಳಿಸಿ, ನಮ್ಮ ಸೆಲ್‌ಗಳ ಜೊತೆ ಬಿಡುತ್ತೇನೆ. ಟಿ ಸೆಲ್ ಒಂದು ಸಲ ಒಡೆದು ಎರಡಾದರೆ ಬಣ್ಣ ಅರ್ಧಕ್ಕಿಳಿಯುತ್ತದೆ, ಹಾಗಾಗಿ ಬಣ್ಣ ಗಟ್ಟಿಯಾಗಿ ಉಳಿದಿದ್ದರೆ ಅವು ಹೆಚ್ಚು ಒಡೆದಿಲ್ಲ ಅಂತ. ಮಜಾ ಏನಂದರೆ, ಮೆಸೆಂಕೈಮಲ್ ಸೆಲ್ ತಾನಾಗಿ ಈ ಕೆಲಸಕ್ಕೆ ಇಳಿಯೋದು ಕಡಿಮೆ. ಅದಕ್ಕೆ ಉರಿಯೂತದ ವಾಸನೆ ಬಡಿಯಬೇಕು. ಉರಿಯೂತದ ಸಂದೇಶ ಸಾರುವ ಪ್ರೋಟೀನ್ ಆದ ಇಂಟರ್‌ಫೆರಾನ್ ಗಾಮಾ ಕೊಟ್ಟು ರಾತ್ರಿಯಿಡೀ ಬಿಟ್ಟರೆ ಐಡಿಒ ಅನ್ನೋ ಕಿಣ್ವ ಜಾಸ್ತಿಯಾಗುತ್ತದೆ, ಅದು ಟ್ರಿಪ್ಟೊಫಾನ್ ಅನ್ನೋ ಅಮೈನೋ ಆಮ್ಲ ಒಡೆದು ಟಿ ಸೆಲ್‌ಗಳ ಊಟ ಕಸಿಯುತ್ತದೆ. ಸೆಲ್ ಹೆಪ್ಪುಗಟ್ಟಿಸಿ ಕಾಪಿಡುವ ದ್ರವ ನೈಟ್ರೋಜನ್‌ನಿಂದ ಆಗತಾನೆ ತೆಗೆದ ಸೆಲ್‌ಗಳಲ್ಲಿ ಈ ಚುರುಕು ಕಮ್ಮಿ, ಅದಕ್ಕೇ ಒಂದು ದಿನ ಪ್ಲೇಟಿನಲ್ಲಿ ಸುಧಾರಿಸಿಕೊಳ್ಳಲು ಬಿಟ್ಟೇ ಟೆಸ್ಟ್ ಮಾಡೋದು. ಒಂದು ಬಳ್ಳಿಯ ಸೆಲ್ ಇನ್ನೊಂದರ ಹಾಗಿರೋದಿಲ್ಲ, ಅದೂ ಒಂದು ತಲೆನೋವು.

ಬೇರೆಯವರ ಅಸ್ಥಿಮಜ್ಜೆ ಹಾಕಿಸಿಕೊಂಡ ಮೇಲೆ ಆ ಹೊಸ ಸೆಲ್‌ಗಳೇ ರೋಗಿಯ ಚರ್ಮ, ಕರುಳಿನ ಮೇಲೆ ಬೀಳುವುದುಂಟು. ಅಂಥ ಮಕ್ಕಳಿಗೆ ಸ್ಟೀರಾಯ್ಡ್ ನಾಟದಿದ್ದಾಗ ಕೊಡಲು ಅಮೆರಿಕ 2024ರ ಡಿಸೆಂಬರ್‌ನಲ್ಲಿ ಇಂಥ ಸೆಲ್‌ಗಳ ಔಷಧಕ್ಕೆ ಒಪ್ಪಿಗೆ ಕೊಟ್ಟಿತು. ಸಂಧಿವಾತಕ್ಕೆ ಇನ್ನೂ ಅಷ್ಟು ಗಟ್ಟಿ ಪುರಾವೆ ಇಲ್ಲ.

ನಮ್ಮ ಬಿಲ್ಡಿಂಗಿನ ವಿಜಾಪುರದ ಕಾಕು ಒಂದು ಕ್ಲಿನಿಕ್ಕಿನ ಸ್ಟೆಮ್ ಸೆಲ್ ಪ್ಯಾಕೇಜ್ ಚೀಟಿ ತಂದು ತೋರಿಸಿದರು. "ಕಾಕು, ಅವರು ಇದು ಟ್ರಯಲ್ ಅಂದರೆ ಸರ್ಕಾರದ ಟ್ರಯಲ್ ಪಟ್ಟಿಯ ಸಿಟಿಆರ್‌ಐ ನಂಬರ್ ಕೇಳ್ರಿ, ಟ್ರಯಲ್‌ಗೆ ರೊಕ್ಕ ಕೇಳಿದರೆ ಎದ್ದು ಬರ್ರಿ" ಅಂದೆ.