ಓದದ ಪುಟವನ್ನು ಓದಿಸಿ ನೋಡುವುದು: ನಲಿ-ಕಲಿ ತರಗತಿಯಲ್ಲಿ ನನ್ನ ಅನುಭವ

ಪ್ರಾಥಮಿಕ ತರಗತಿಯ ಓದು-ಬರಹಕ್ಕೆ ಗುರಿಗಳ ಕೊರತೆ ಎಂದೂ ಇರಲಿಲ್ಲ. 2017ರಲ್ಲಿ ಕೇಂದ್ರದ ಪಠ್ಯಕ್ರಮ ಸಂಸ್ಥೆಯಾದ ಎನ್‌ಸಿಇಆರ್‌ಟಿ ತರಗತಿವಾರು ಕಲಿಕಾ ಫಲಗಳನ್ನು ಪ್ರಕಟಿಸಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಬುನಾದಿ ಸಾಕ್ಷರತೆ ಮತ್ತು ಸಂಖ್ಯಾಜ್ಞಾನವನ್ನು ತುರ್ತಿನ ಕೆಲಸವೆಂದಿತು. ಮರುವರ್ಷ ಜುಲೈ 5ರಂದು ಆರಂಭವಾದ ಕೇಂದ್ರ ಸರ್ಕಾರದ ನಿಪುಣ್ ಭಾರತ್ ಯೋಜನೆ, ಮೂರನೇ ತರಗತಿ ಮುಗಿಸುವ ಪ್ರತಿ ಮಗುವಿಗೂ 2026-27ರ ಹೊತ್ತಿಗೆ ಓದು, ಬರಹ, ಲೆಕ್ಕ ಬಂದಿರಬೇಕೆಂದು ಗಡುವು ಹಾಕಿತು. ಒಂದನೇ ತರಗತಿಯ ಕೊನೆಗೆ ನಾಲ್ಕೈದು ಸರಳ ಪದಗಳ ಪುಟ್ಟ ವಾಕ್ಯ, ಎರಡನೆಯದರಲ್ಲಿ ನಿಮಿಷಕ್ಕೆ 45ರಿಂದ 60 ಪದ, ಮೂರನೆಯದರಲ್ಲಿ ಕನಿಷ್ಠ 60 ಪದ. ತರಬೇತಿಗಳಲ್ಲಿ ಈ ಸಂಖ್ಯೆಗಳೇ ಎಲ್ಲರ ಬಾಯಲ್ಲೂ ಉಳಿದುಬಿಟ್ಟಿವೆ. ಅದೇ ಸಾಲುಗಳಲ್ಲಿ ಇನ್ನೆರಡು ಮಾತುಗಳಿವೆ: ಮಗು ಓದುವ ಪಠ್ಯ ಅಪರಿಚಿತವಾಗಿರಬೇಕು, ಓದಿದ್ದು ಅರ್ಥವಾಗಿರಬೇಕು. ಸರ್ಕಾರಿ ಶಾಲೆಯಲ್ಲಿ ಒಂದರಿಂದ ಮೂರನೇ ತರಗತಿಯ ಮಕ್ಕಳನ್ನು ಒಟ್ಟಿಗೆ ಕೂರಿಸಿಕೊಂಡು, ಕಾರ್ಡು ಮತ್ತು ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ಪದ್ಧತಿಯಲ್ಲಿ ಪಾಠ ಮಾಡುವ ನಾನು ನನ್ನ ಗುರಿಗಳನ್ನೆಲ್ಲ ಈ ಎರಡು ಮಾತುಗಳ ಸುತ್ತಲೇ ಕಟ್ಟಿಕೊಂಡಿದ್ದೇನೆ.

ಅಪರಿಚಿತ ಪಠ್ಯ ಏಕೆ ಎಂಬುದು ಮಗುವಿನ ಬೆರಳನ್ನು ನೋಡಿದರೆ ತಿಳಿಯುತ್ತದೆ. ಪಾಠವನ್ನು ಹತ್ತಾರು ಬಾರಿ ಕೇಳಿದ ಮಗು ಪುಟ ತೆರೆದೊಡನೆ ಗಳಗಳನೆ ಒಪ್ಪಿಸುತ್ತದೆ. ಬಾಯಿ ಮೂರನೇ ಸಾಲಿಗೆ ಬಂದಿರುತ್ತದೆ, ಬೆರಳು ಇನ್ನೂ ಮೊದಲ ಸಾಲಿನಲ್ಲಿರುತ್ತದೆ. ಅದೇ ಸಾಲಿನ ಒಂದು ಪದವನ್ನು ಬೇರೆ ಚೀಟಿಯಲ್ಲಿ ಬರೆದು ಕೊಟ್ಟರೆ ಮಗು ಮೌನ. ಮಗುವಿಗೆ ನೆನಪಿನ ಶಕ್ತಿ ಚೆನ್ನಾಗಿದೆ, ಸಂತೋಷ. ಆದರೆ ಓದು ಬಂದಿದೆಯೆಂದು ಬರೆದುಕೊಳ್ಳಲಾಗದು. ಹಾಗಾಗಿ ಪಾಠ ಮುಗಿಯಿತು, ಮೈಲಿಗಲ್ಲು ಎನ್ನುವ ಕಲಿಕೆಯ ಹಂತ ದಾಟಿತು ಎಂದು ಪ್ರಗತಿ ನೋಟದಲ್ಲಿ (ಮಕ್ಕಳ ಕಲಿಕೆ ದಾಖಲಿಸುವ ಪಟ್ಟಿಯಲ್ಲಿ) ಗುರುತು ಹಾಕುವ ಮುನ್ನ ಮಗು ಹಿಂದೆಂದೂ ಕಂಡಿರದ ಒಂದು ಚೀಟಿಯನ್ನು ಓದಬೇಕು. ಇದು ನನ್ನ ತರಗತಿಯ ನಿಯಮ.

ಆ ಚೀಟಿಗಳನ್ನು ನಾನೇ ಬರೆಯುತ್ತೇನೆ. ನಲಿ-ಕಲಿಯಲ್ಲಿ ಅಕ್ಷರಗಳು ಅ ಆ ಇ ಈ ಕ್ರಮದಲ್ಲಿ ಬರುವುದಿಲ್ಲ. ಮೊದಲು ರ ಗ ಸ ದ ಅ, ಆಮೇಲೆ ಜ ವ ಮ ಬ ನ. ‘ವರ್ಣಮಾಲೆ ಪೂರ್ತಿ ಬರುತ್ತದೆಯೇ?’ ಎಂದು ಕೇಳುವ ಪಾಲಕರಿಗೆ ಇದು ವಿಚಿತ್ರವಾಗಿ ಕಾಣುತ್ತದೆ. ಮೊದಲ ಐದು ಅಕ್ಷರಗಳಲ್ಲೇ ಸರ, ಅರಸ, ಅಗಸ, ಗರಗಸ ಎಂಬ ಪದಗಳು ಹುಟ್ಟುವುದನ್ನು ತೋರಿಸಿದರೆ ಅವರು ಒಪ್ಪುತ್ತಾರೆ. ಎರಡನೇ ಗುಂಪು ಸೇರಿದ ಮೇಲೆ ‘ಬಸವನ ಗರಗಸ’ ಎಂದು ಬರೆಯಬಹುದು. ಎರಡೇ ಪದ, ಅಷ್ಟೂ ಅಕ್ಷರ ಕಲಿತವೇ, ಆದರೆ ಈ ಜೋಡಿಯನ್ನು ಮಗು ಯಾವ ಕಾರ್ಡಿನಲ್ಲೂ ನೋಡಿಲ್ಲ. ಓದಿದ ಮೇಲೆ ‘ಗರಗಸ ಯಾರದು?’ ಎಂದು ಕೇಳುತ್ತೇನೆ. ಇಷ್ಟು ಚಿಕ್ಕ ಪಠ್ಯದಲ್ಲೂ ಅರ್ಥದ ಪ್ರಶ್ನೆ ಕೇಳಬಹುದು, ಕೇಳಲೇಬೇಕು. ಓದುವುದೆಂದರೆ ಉತ್ತರ ಸಿಗುವ ಕೆಲಸ ಎಂಬುದು ಮೊದಲ ತಿಂಗಳುಗಳಲ್ಲೇ ಮಗುವಿಗೆ ಅಭ್ಯಾಸವಾಗಬೇಕು.

ವೇಗದ ವಿಷಯಕ್ಕೆ ಬಂದರೆ, ನಿಮಿಷಕ್ಕೆ ಇಷ್ಟು ಪದ ಎಂಬ ಎಣಿಕೆಯನ್ನು ನಾನು ಬಿಟ್ಟಿಲ್ಲ. ಅಕ್ಷರಕ್ಕಕ್ಷರ ಕೂಡಿಸುತ್ತ ಹೋಗುವ ಮಗು ವಾಕ್ಯದ ಕೊನೆ ಮುಟ್ಟುವಷ್ಟರಲ್ಲಿ ಮೊದಲ ಪದವನ್ನೇ ಮರೆತಿರುತ್ತದೆ, ಆದ್ದರಿಂದ ವೇಗ ಬೇಕು. ಆದರೆ ಕನ್ನಡದ ಪದ ಚಿಕ್ಕದಲ್ಲ. ವಿಭಕ್ತಿ, ಬಹುವಚನ, ಸಂಧಿ ಎಲ್ಲವೂ ಒಂದೇ ಪದಕ್ಕೆ ಅಂಟಿಕೊಂಡು ಬರುತ್ತವೆ. ‘ಮರ’ವೂ ಒಂದು ಪದ, ‘ಬಟ್ಟೆಗಳನ್ನೆಲ್ಲ’ ಎಂಬುದೂ ಒಂದು ಪದ. ಎರಡಕ್ಕೂ ಒಂದೇ ಅಂಕ ಕೊಟ್ಟರೆ ಲೆಕ್ಕ ಸರಿಹೋಗುವುದಿಲ್ಲ. ಅದಕ್ಕಾಗಿ ಎಣಿಕೆಯ ಪಕ್ಕದಲ್ಲಿ ಮಗು ಎಲ್ಲಿ ತಡೆಯಿತು ಎಂದೂ ಬರೆದುಕೊಳ್ಳುತ್ತೇನೆ. ಪದದ ನಡುವೆ ತಡೆದರೆ ಒತ್ತಕ್ಷರದ ತೊಡಕಿರಬಹುದು. ಪೂರ್ಣವಿರಾಮದಲ್ಲಿ ನಿಂತು ಉಸಿರು ತೆಗೆದುಕೊಂಡರೆ ಅದು ತೊಡಕಲ್ಲ, ಅರ್ಥ ಹಿಡಿದ ಗುರುತು.

ಒಮ್ಮೆ ಮೂರನೇ ತರಗತಿಯ ಮಕ್ಕಳಿಗೆ ಈ ಸಾಲುಗಳನ್ನು ಬರೆದು ಕೊಟ್ಟಿದ್ದೆ: ‘ಮೋಡ ಕವಿಯಿತು. ಅಜ್ಜಿ ಓಡಿ ಬಂದಳು. ತಂತಿಯ ಮೇಲಿದ್ದ ಬಟ್ಟೆಗಳನ್ನೆಲ್ಲ ಒಳಗೆ ತಂದಳು.’ ಪ್ರಶ್ನೆ ಒಂದೇ, ಅಜ್ಜಿ ಏಕೆ ಓಡಿದಳು? ಮಳೆ ಎಂಬ ಪದ ಸಾಲುಗಳಲ್ಲಿ ಎಲ್ಲೂ ಇಲ್ಲ. ತರಗತಿಯಲ್ಲೇ ಅತಿ ವೇಗವಾಗಿ ಓದುವ ಹುಡುಗ ಒಂದೂ ತಪ್ಪಿಲ್ಲದೆ ಓದಿ ಮುಗಿಸಿ, ‘ಬಟ್ಟೆಗಳನ್ನೆಲ್ಲ ಒಳಗೆ ತಂದಳು’ ಎಂದು ಕೊನೆಯ ಸಾಲನ್ನೇ ತಿರುಗಿ ಹೇಳಿದ. ‘ಬಟ್ಟೆಗಳನ್ನೆಲ್ಲ’ ಎಂಬಲ್ಲಿ ಮತ್ತೆ ಮತ್ತೆ ಮುಗ್ಗರಿಸಿದ ಹುಡುಗಿ, ‘ಮಳೆ ಬಂದರೆ ನೆನೆದುಹೋಗುತ್ತವಲ್ಲ ಮಿಸ್’ ಎಂದಳು. ಗಡಿಯಾರ ಹಿಡಿದು ನೋಡಿದರೆ ಹುಡುಗ ಗುರಿ ಮುಟ್ಟಿದ್ದಾನೆ, ಹುಡುಗಿ ಹಿಂದೆ ಬಿದ್ದಿದ್ದಾಳೆ. ನನ್ನ ಪುಸ್ತಕದಲ್ಲಿ ಇಬ್ಬರಿಗೂ ಬೇರೆ ಬೇರೆ ಗುರಿ ಬರೆದೆ. ಅವಳಿಗೆ ಸಜಾತೀಯ ಒತ್ತಕ್ಷರಗಳ, ಅಂದರೆ ಟ್ಟ, ನ್ನ, ಲ್ಲದಂತೆ ಅದೇ ಅಕ್ಷರ ಒತ್ತಾಗಿ ಬರುವವುಗಳ, ಇನ್ನಷ್ಟು ಓದು. ಅವನಿಗೆ ಓದಿದ್ದನ್ನು ತನ್ನ ಮಾತಿನಲ್ಲಿ ಪಕ್ಕದವರಿಗೆ ಹೇಳುವ ಕೆಲಸ, ಜೊತೆಗೆ ದಿನವೂ ಒಂದು ‘ಏಕೆ’. ಅವಳ ಕೊರತೆ ಬೇಗ ತುಂಬಿತು. ಅವನದಕ್ಕೆ ಹೆಚ್ಚು ಕಾಲ ಹಿಡಿಯಿತು.

ಒತ್ತಕ್ಷರಕ್ಕೆ ಎರಡನೇ ತರಗತಿಯನ್ನು ಬಹುಪಾಲು ಮೀಸಲಿಡುತ್ತೇನೆ. ಅಕ್ಕ, ಅಮ್ಮ, ಹಕ್ಕಿ ಮೊದಲು. ಪುಸ್ತಕ, ಚಂದ್ರ ಆಮೇಲೆ. ಅರ್ಕಾವೊತ್ತು, ಅಂದರೆ ಅಕ್ಷರದ ಬಲಕ್ಕೆ ಬರೆಯುವ ರಕಾರದ ಗುರುತು, ಎಲ್ಲಕ್ಕಿಂತ ಕೊನೆಗೆ, ಏಕೆಂದರೆ ‘ಸೂರ್ಯ’ದಲ್ಲಿ ಕಿವಿಗೆ ರಕಾರ ಮೊದಲು ಕೇಳುತ್ತದೆ, ಕಣ್ಣಿಗೆ ಯಕಾರ ಮೊದಲು ಕಾಣುತ್ತದೆ. ಅದನ್ನು ‘ಸೂಯರ’ ಎಂದು ಓದುವ ಮಗು ಎಡದಿಂದ ಬಲಕ್ಕೆ ಶಿಸ್ತಾಗಿ ಓದುತ್ತಿದೆ ಎಂದೇ ಅರ್ಥ. ಬೈಯುವಂಥದ್ದು ಅಲ್ಲಿ ಏನೂ ಇಲ್ಲ, ಲಿಪಿಯ ಆ ಒಂದು ಪದ್ಧತಿಯನ್ನು ಹೇಳಿಕೊಟ್ಟರಾಯಿತು. ಮಹಾಪ್ರಾಣದ ಉಚ್ಚಾರಣೆಯನ್ನು ಒಂದನೇ ತರಗತಿಯ ಗುರಿಯಿಂದ ತೆಗೆದಿದ್ದೇನೆ. ಮನೆಮಾತಿನಲ್ಲಿ ಆ ಧ್ವನಿ ಇಲ್ಲದ ಮಗುವನ್ನು ಓದಿನ ಮೊದಲ ವರ್ಷದಲ್ಲೇ ಅದಕ್ಕಾಗಿ ತಡೆದು ನಿಲ್ಲಿಸಿದರೆ ಅದು ಬಾಯಿ ಬಿಡುವುದನ್ನೇ ನಿಲ್ಲಿಸುತ್ತದೆ.

ಲಂಬಾಣಿ, ಉರ್ದು, ತೆಲುಗು ಆಡುವ ಮನೆಗಳಿಂದ ಬರುವ ಮಕ್ಕಳಿಗಂತೂ ಮೊದಲ ಗುರಿ ಮಾತೇ. ಚಿತ್ರ ನೋಡಿ ಎರಡು ಮಾತು ಕನ್ನಡದಲ್ಲಿ ಆಡುವುದು, ಕೇಳಿದ ಕಥೆಯಲ್ಲಿ ಮುಂದೇನಾಯಿತು ಎಂದು ಹೇಳುವುದು. ಮನೆಮಾತಿನಲ್ಲಿ ಹೇಳಿದರೂ ಒಪ್ಪಿಕೊಂಡು ಅದನ್ನೇ ಕನ್ನಡದಲ್ಲಿ ತಿರುಗಿ ಹೇಳಿಸುತ್ತೇನೆ. ‘ಗರಗಸ’ವನ್ನು ತಪ್ಪಿಲ್ಲದೆ ಓದಿಯೂ ಅದೇನೆಂದು ತಿಳಿಯದ ಮಗುವಿಗೆ ಅಕ್ಷರದ ಕಾರ್ಡು ಹೆಚ್ಚಿಸಿ ಪ್ರಯೋಜನವಿಲ್ಲ.

ಇನ್ನು ಬರಹ. ನಮ್ಮಲ್ಲಿ ಅತಿ ಹೆಚ್ಚು ನಿರ್ಲಕ್ಷ್ಯಕ್ಕೆ ಒಳಗಾದ ಗುರಿ ಇದೇ ಎಂಬುದು ನನ್ನ ದೃಢವಾದ ಅಭಿಪ್ರಾಯ. ಕಪ್ಪುಹಲಗೆಯ ಮೇಲಿರುವುದನ್ನು ದುಂಡಗೆ ಇಳಿಸಿಕೊಂಡರೆ ಬರಹ ಬಂತೆಂದು ಭಾವಿಸುತ್ತೇವೆ. ನಕಲು ಬರಹ ಕೈಯನ್ನು ಪಳಗಿಸುತ್ತದೆ, ಅಷ್ಟೇ. ಮಗು ತನಗೆ ಹೇಳಬೇಕೆನಿಸಿದ್ದನ್ನು ತಾನೇ ಬರೆಯುವುದು ಒಂದನೇ ತರಗತಿಯಿಂದಲೇ ಗುರಿಯಾಗಬೇಕು. ಮಕ್ಕಳು ಚಿತ್ರ ಬರೆಯುತ್ತಾರೆ, ಕೆಳಗೆ ಗೊತ್ತಿರುವ ಅಕ್ಷರಗಳಲ್ಲಿ ಏನಾದರೂ ಬರೆಯುತ್ತಾರೆ. ಒಬ್ಬ ಹುಡುಗ ಬರೆದದ್ದು: ‘ನನ ಅಣ ಬದ’. ನನ್ನ ಅಣ್ಣ ಬಂದ! ಈ ಮೂರು ಪದಗಳು ಯಾವ ಪರೀಕ್ಷೆಯೂ ಹೇಳದಷ್ಟನ್ನು ನನಗೆ ಹೇಳಿದವು. ಮೂಲಾಕ್ಷರ ಗಟ್ಟಿಯಾಗಿದೆ, ಪದಗಳ ನಡುವೆ ಜಾಗ ಬಿಡಬೇಕೆಂದು ಗೊತ್ತಿದೆ, ವಾಕ್ಯ ಪೂರ್ತಿಯಾಗಿದೆ. ಒತ್ತಕ್ಷರ ಮತ್ತು ಅನುಸ್ವಾರ ಮಾತ್ರ ಬಾಕಿ. ಕೆಂಪು ಶಾಯಿ ಮುಟ್ಟಲಿಲ್ಲ. ‘ನೀನು ಹೇಳಿದ್ದನ್ನು ನಾನೂ ಬರೆಯುತ್ತೇನಪ್ಪ’ ಎಂದು ಕೆಳಗೆ ಸರಿಯಾದ ವಾಕ್ಯ ಬರೆದು ಇಬ್ಬರೂ ಸೇರಿ ಓದಿದೆವು. ‘ನಿಮ್ಮದರಲ್ಲಿ ಕೆಳಗೆ ಇನ್ನೊಂದು ಅಕ್ಷರ ಇದೆ’ ಎಂದು ಅವನೇ ಕಂಡುಹಿಡಿದ. ಉಕ್ತಲೇಖನವನ್ನೂ ನಾನು ಮಾಡಿಸುತ್ತೇನೆ, ಆದರೆ ಅದು ಕಾಗುಣಿತ ನೋಡಿಕೊಳ್ಳುವುದಕ್ಕೆ. ಸ್ವಂತ ಬರಹದ ಜಾಗಕ್ಕೆ ಅದು ಬರಲಾರದು.

ಇಷ್ಟು ಮಾಡಿದರೂ ಮೂರನೇ ತರಗತಿ ಮುಗಿದಾಗ ಕೆಲವು ಮಕ್ಕಳು ಗುರಿಯ ಈಚೆಯೇ ಉಳಿಯುತ್ತಾರೆ. ನಾಲ್ಕನೇ ತರಗತಿಗೆ ಹೋದೊಡನೆ ಅವರ ಕೈಗೆ ದಪ್ಪ ಪಠ್ಯಪುಸ್ತಕ ಬರುತ್ತದೆ, ಕಾರ್ಡುಗಳಿರುವುದಿಲ್ಲ, ಯಾರು ಯಾವ ಗುಂಪಿನಲ್ಲಿ ಕೂರಬೇಕೆಂದು ತೋರಿಸುವ ತಟ್ಟೆಗಳಿರುವುದಿಲ್ಲ. ಆ ಮಕ್ಕಳ ಬಗ್ಗೆ ‘ಓದಲು ಬರುವುದಿಲ್ಲ’ ಎಂದಷ್ಟೇ ಹೇಳಿ ಕಳುಹಿಸುವುದು ಅನ್ಯಾಯ. ಪ್ರತಿಯೊಬ್ಬರಿಗೂ ಅರ್ಧ ಹಾಳೆ ಬರೆದು ಮುಂದಿನ ಶಿಕ್ಷಕರ ಕೈಗೆ ಕೊಡುತ್ತೇನೆ. ಕೊನೆಯ ಬಾರಿ ಓದಿದ ಅಪರಿಚಿತ ಚೀಟಿಯನ್ನು ಹಾಳೆಗೆ ಅಂಟಿಸಿ, ತಡೆದ ಪದಗಳ ಕೆಳಗೆ ಗೆರೆ ಎಳೆದು, ಅರ್ಥದ ಪ್ರಶ್ನೆಗೆ ಮಗು ಕೊಟ್ಟ ಉತ್ತರವನ್ನು ಅದರದೇ ಮಾತಿನಲ್ಲಿ ಬರೆದಿರುತ್ತೇನೆ. ಮಗುವಿನ ಕೈಬರಹದ ಸ್ವಂತ ವಾಕ್ಯವೂ ಜೊತೆಗಿರುತ್ತದೆ. ಜೂನ್‌ನಲ್ಲಿ ಶಾಲೆ ಬಾಗಿಲು ತೆರೆದಾಗ ಆ ಶಿಕ್ಷಕರು ಅ ಆ ಇ ಈಯಿಂದ ಶುರು ಮಾಡಬೇಕಾಗಿಲ್ಲ, ಗೆರೆ ಎಳೆದ ಪದದಿಂದಲೇ ಮುಂದುವರಿಯಬಹುದು.