ಗಾರೆ ಶಿಲ್ಪ ಮಾಡುವುದು ಹೇಗೆ? ಹದ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ

ಕಲ್ಲಿನಲ್ಲಿ ಬೇಡದ್ದನ್ನು ಕೆತ್ತಿ ತೆಗೆಯುತ್ತೇವೆ. ಗಾರೆಯಲ್ಲಿ ಬೇಕಾದ್ದನ್ನು ಪದರ ಪದರವಾಗಿ ಕೂಡಿಸುತ್ತೇವೆ. ಕಲಸಿದ ಮೇಲೆ ಕೆಲವು ಗಂಟೆ ಅದು ಬೆರಳು ಹೇಳಿದಂತೆ ಕೇಳುತ್ತದೆ, ಆಮೇಲೆ ನಿಧಾನಕ್ಕೆ ಕಲ್ಲಾಗುತ್ತದೆ. ಹಂಪಿಯ ವಿರೂಪಾಕ್ಷ ಗೋಪುರದ ಗೊಂಬೆಗಳಿಗೂ ಮೆಕ್ಸಿಕೊದ ಪಲೆಂಕೆಯಲ್ಲಿರುವ ಮಾಯಾ ಅರಸರ ಉಬ್ಬುಚಿತ್ರಗಳಿಗೂ ಆಧಾರ ಈ ಒಂದೇ ಗುಣ. ಅಂಗೈ ಅಗಲದ ಒಂದು ಎಲೆಯನ್ನು ಇಟ್ಟಿಗೆಯ ಮೇಲೆ ಮಾಡಿ ನೋಡಿದರೆ ಈ ಗುಣ ಕೈಗೆ ಅರ್ಥವಾಗುತ್ತದೆ.

ಮೊದಲು ಸುಣ್ಣ

ಸುಣ್ಣದ ಕಲ್ಲನ್ನು ಸುಮಾರು 900 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟರೆ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹೊರಟುಹೋಗುತ್ತದೆ. ಉಳಿದ ಸುಟ್ಟ ಸುಣ್ಣವನ್ನು ನೀರಿಗೆ ಹಾಕಿದಾಗ ಕೊತಕೊತ ಕುದಿದು ಅರಳುತ್ತದೆ. ಇದು ಅಪಾಯದ ಕೆಲಸ, ಸಿಡಿದರೆ ಕಣ್ಣೇ ಹೋಗಬಹುದು. ಹೊಸಬರು ಅರಳಿಸಿ ಇಟ್ಟ, ಬೆಣ್ಣೆಯಂಥ ಸುಣ್ಣವನ್ನೇ ಕೊಳ್ಳಲಿ. ಅದನ್ನು ಮುಟ್ಟುವಾಗಲೂ ಕೈಗವಸು, ಕನ್ನಡಕ ಇರಲೇಬೇಕು.

ಸುಣ್ಣ ಹಳೆಯದಾದಷ್ಟೂ ಒಳ್ಳೆಯದು. 3 ವರ್ಷ ತುಂಬದ ಸುಣ್ಣವನ್ನು ಗುತ್ತಿಗೆದಾರರು ಬಳಸಬಾರದೆಂಬ ಹಳೆಯ ಕಟ್ಟಳೆ ರೋಮ್‌ನಲ್ಲಿತ್ತು, ಅದಕ್ಕೇ ಆ ಕಾಲದ ಗೋಡೆಗಳು ಬಿರುಕು ಬಿಟ್ಟಿರಲಿಲ್ಲ ಎಂದು ಪ್ರಾಚೀನ ರೋಮನ್ ಲೇಖಕ ಪ್ಲಿನಿ ಬರೆದಿದ್ದಾನೆ. ಹದ ನೋಡುವ ಬಗೆಯನ್ನು ಇನ್ನೊಬ್ಬ ರೋಮನ್, ವಾಸ್ತುಶಿಲ್ಪಿ ವಿಟ್ರುವಿಯಸ್ ಹೇಳುತ್ತಾನೆ. ಬಾಚಿಯಿಂದ ಸುಣ್ಣವನ್ನು ಕಡಿದಾಗ ಗಂಟುಗಳು ತಾಕಿದರೆ ಇನ್ನೂ ಅರಳಿಲ್ಲ. ಬಾಚಿ ಒಣಗಿ ಸ್ವಚ್ಛವಾಗಿ ಹೊರಬಂದರೆ ಸುಣ್ಣಕ್ಕೆ ಕಸುವಿಲ್ಲ, ನೀರಡಿಕೆಯಾಗಿದೆ. ಅಂಟಿನಂತೆ ಸುತ್ತಲೂ ಮೆತ್ತಿಕೊಂಡರೆ ಹದ ಬಂದಿದೆ. ಎರಡು ಸಾವಿರ ವರ್ಷದ ಈ ಪರೀಕ್ಷೆಯನ್ನು ಇವತ್ತು ಕರಣೆಯ ತುದಿಯಲ್ಲೂ ಮಾಡಬಹುದು.

ಒಳಗಿನ ಆಧಾರ

ಬರಿಯ ಗಾರೆ ತನ್ನ ಭಾರವನ್ನು ತಾನೇ ಹೊರಲಾರದು. ಜೋರ್ಡಾನ್‌ನ ಐನ್ ಗಜಲ್‌ನಲ್ಲಿ 1983ರಲ್ಲಿ ಸಿಕ್ಕ ಸುಮಾರು 9000 ವರ್ಷ ಹಳೆಯ ಮನುಷ್ಯಾಕೃತಿಗಳೊಳಗೆ ಹುರಿಯಿಂದ ಬಿಗಿದ ಜೊಂಡಿನ ಕಟ್ಟುಗಳಿದ್ದವು. ಜೊಂಡು ಕೊಳೆತುಹೋಗಿದೆ, ಅದರ ಅಚ್ಚು ಮಾತ್ರ ಗಾರೆಯಲ್ಲಿ ಉಳಿದಿದೆ. ನಮ್ಮ ಎಲೆ ಚಿಕ್ಕದು. ಇಟ್ಟಿಗೆಯ ಮೈಗೆ ಆಳವಾಗಿ ಗೀರು ಹಾಕಿದರೆ ಹಿಡಿತ ಸಿಗುತ್ತದೆ. ತುಂಬ ಮುಂದಕ್ಕೆ ಚಾಚುವ ಆಕಾರವಾದರೆ ತುಕ್ಕು ಹಿಡಿಯದ ತಂತಿ ಬೇಕು.

ಇಟ್ಟಿಗೆಯನ್ನು ನೀರಿನಲ್ಲಿ ಚೆನ್ನಾಗಿ ನೆನೆಸಿ. ಒಣ ಇಟ್ಟಿಗೆ ಗಾರೆಯ ನೀರನ್ನೆಲ್ಲ ಹೀರಿಬಿಡುತ್ತದೆ, ಮರುದಿನ ಎಲೆ ಚಕ್ಕೆಯಾಗಿ ಕೈಗೆ ಬರುತ್ತದೆ. ನಾನು ಮಾಡಿದ ಮೊದಲ ಎಲೆ ಹೀಗೇ ಹಾಳಾಯಿತು.

ಪದರಗಳು

ತಳಕ್ಕೆ 1 ಪಾಲು ಸುಣ್ಣ, 3 ಪಾಲು ಜರಡಿ ಹಿಡಿದ ಒರಟು ಮರಳು. ನೀರು ಸುರಿಯುವ ಆತುರ ಬೇಡ. ನಾದುತ್ತ ಹೋದಂತೆ ಅದೇ ಮೆತ್ತಗಾಗುತ್ತದೆ. ಒಂದು ಸಲಕ್ಕೆ 1 ಸೆಂಟಿಮೀಟರಿಗಿಂತ ದಪ್ಪ ಬಳಿಯಬೇಡಿ. ಎಲೆಯ ಉಬ್ಬುತಗ್ಗು ಈ ಪದರದಲ್ಲೇ ಬರಬೇಕು, ಮೇಲಿನದು ಬರಿಯ ಚರ್ಮ. ಪಲೆಂಕೆಯ ಶಿಲ್ಪಿಗಳು ಮೊದಲು ಪೂರ್ತಿ ದೇಹ ಮಾಡಿ ಅದರ ಮೇಲೆ ಬಟ್ಟೆ, ಒಡವೆಗಳನ್ನು ಪದರ ಪದರವಾಗಿ ತೊಡಿಸುತ್ತಿದ್ದರು. ಕೊನೆಗೆ ಕಾಣದ ಮೈಯನ್ನೂ ಅಷ್ಟು ಅಕ್ಕರೆಯಿಂದ ಮಾಡಿದ್ದಾರಲ್ಲ, ಅದು ನನಗೆ ಬಹಳ ಇಷ್ಟ.

ತಳ ಗಟ್ಟಿಯಾಗಿ, ಇನ್ನೂ ತಂಪಿರುವಾಗಲೇ ಗೀರು ಹಾಕಿ ನಯದ ಪದರ ಹಚ್ಚಿ. ಇದಕ್ಕೆ ಸುಣ್ಣ ಮತ್ತು ಅಮೃತಶಿಲೆಯ ಪುಡಿ ಸಮಸಮ. ರೋಮನ್ನರ ಈ ಬಿಳಿ ಗಾರೆಯ ಗುಟ್ಟು ಕಾಲಾಂತರದಲ್ಲಿ ಮರೆತುಹೋಗಿತ್ತು. ನೀರೋ ಚಕ್ರವರ್ತಿಯ ಹೂತುಹೋಗಿದ್ದ ಅರಮನೆಯ ಅಲಂಕಾರ ನೋಡಿದ ಇಟಲಿಯ ಕಲಾವಿದ ಜೊವಾನ್ನಿ ದ ಊದಿನೆ, 16ನೇ ಶತಮಾನದ ಆರಂಭದಲ್ಲಿ ಮರಳಿನ ಬದಲು ಅಮೃತಶಿಲೆಯ ಪುಡಿ ಬೆರೆಸಿ ಅದನ್ನು ಮತ್ತೆ ಸಾಧಿಸಿದ. ಇಟಲಿಯ ಪಲೆರ್ಮೊದಲ್ಲಿ ಶಿಲ್ಪಿ ಸೆರ್ಪೊತ್ತಾ ಮಾಡಿದ ಮಕ್ಕಳ ಬೊಂಬೆಗಳ ಹೊಳಪಿನ ಹಿಂದೆಯೂ ಇದೇ ಪುಡಿಯಿದೆ.

ಈಗ ಕಾಯಬೇಕು. ಹೆಬ್ಬೆರಳು ಒತ್ತಿ ನೋಡಿ. ಬೆರಳು ಒಳಗಿಳಿದು ಗಾರೆ ಅಂಟಿಕೊಂಡರೆ ಇನ್ನೂ ಹೊತ್ತಿದೆ. ಬೆರಳಿನ ಗೆರೆಗಳು ಮಾತ್ರ ಮೂಡಿ, ಚರ್ಮಕ್ಕೆ ಏನೂ ಹತ್ತದಿದ್ದರೆ ಅದೇ ಹದ. ಎಲೆಯ ನರಗಳನ್ನು ಮರದ ಕಡ್ಡಿಯಿಂದ ಗೀರಿ, ಅಂಚನ್ನು ಚಾಕುವಿನ ತುದಿಯಿಂದ ಎಬ್ಬಿಸಿ, ಕರಣೆಯ ಬೆನ್ನಿನಿಂದ ಉಜ್ಜಿ. ಸುಣ್ಣದ ಬದಲು ಜಿಪ್ಸಮ್ ಗಾರೆ ಆದರೆ ನಿಮಿಷಗಳಲ್ಲೇ ಬಿಗಿಯುತ್ತದೆ. ಒಂದೇ ಅಚ್ಚು ನೂರು ಸಲ ಬೇಕಾದಲ್ಲಿ ಅದು ಸರಿ, ಸ್ಪೇನಿನ ಅಲ್‌ಹಂಬ್ರಾ ಅರಮನೆಯ ಗೋಡೆಗಳಲ್ಲಿ ಹಾಗೇ ಅಚ್ಚೊತ್ತಿದ ಕೆಲಸ ಬೇಕಾದಷ್ಟಿದೆ. ಕೈ ಪಳಗಬೇಕಾದವರಿಗೆ ಸುಣ್ಣವೇ ಗುರು.

ಒಣಗಿಸುವುದು

ಬಿಸಿಲಿಗೆ ಇಡಬೇಡಿ. ಸುಣ್ಣ ಗಟ್ಟಿಯಾಗುವುದು ಬರಿಯ ನೀರು ಆರಿದ್ದರಿಂದಲ್ಲ. ಸುಡುವಾಗ ಕಳೆದುಕೊಂಡ ಇಂಗಾಲದ ಡೈಆಕ್ಸೈಡನ್ನು ಗಾಳಿಯಿಂದ ಮರಳಿ ಪಡೆದು ಅದು ಮತ್ತೆ ಸುಣ್ಣದ ಕಲ್ಲಾಗುತ್ತದೆ, ಅದಕ್ಕೆ ತೇವ ಬೇಕು. ವಾರವಿಡೀ ಒದ್ದೆ ಬಟ್ಟೆ ಹೊದಿಸಿ, ಆಗಾಗ ತೆಗೆದು ಗಾಳಿಯಾಡಿಸಿ. ಮೂರನೆಯ ವಾರ ಎಲೆಯ ಅಂಚಿನಲ್ಲಿ ಕಾಣದ ಕಡೆ ಉಗುರಿನಿಂದ ಗೀರಿ ನೋಡಿ. ಪುಡಿ ಉದುರಿದರೆ ಬೇಗ ಒಣಗಿದೆ ಎಂದರ್ಥ, ನೀರು ಚಿಮುಕಿಸಿ ಮತ್ತೆ ಬಟ್ಟೆ ಹೊದಿಸಿ.