ಅಣೆಕಟ್ಟಿಲ್ಲದೆ ಹೊಳೆಯಿಂದ ಕರೆಂಟು: ನನ್ನ ಅನುಭವ

ಹದಿನಾಲ್ಕು ತಿಂಗಳಿಂದ ನನ್ನ ಟರ್ಬೈನ್ ಹೊಳೆಯಲ್ಲಿ ತಿರುಗುತ್ತಿದೆ. "ನೀರು ಮೇಲಿಂದ ಬೀಳದೆ ಎಲ್ಲಿಯ ಕರೆಂಟು?" ಎಂದು ನಕ್ಕವರೇ ಈಗ ಫೋನ್ ಚಾರ್ಜ್ ಮಾಡಲು ಬರುತ್ತಾರೆ. ಹಾಗಾಗಿ ಸ್ವಲ್ಪ ಜಂಬ ಇದೆ, ಸಹಿಸಿಕೊಳ್ಳಿ.

ಮೊದಲ ತಪ್ಪು ಜಾಗದ್ದು. ಕೈಗೆಟುಕಲಿ ಅಂತ ದಡದ ಪಕ್ಕ ಇಳಿಸಿದೆ. ಅಲ್ಲಿ ನೀರಿನ ವೇಗ ಸೆಕೆಂಡಿಗೆ 0.9 ಮೀಟರ್, ನಡುಹೊಳೆಯಲ್ಲಿ 1.4. ವ್ಯತ್ಯಾಸ ಸಣ್ಣದು ಅನ್ನಿಸುತ್ತೆ, ಅಲ್ವಾ? ನೀರಿನಿಂದ ಸಿಗುವ ಶಕ್ತಿ ವೇಗದ ಘನದ ಲೆಕ್ಕದಲ್ಲಿ ಏರುತ್ತದೆ, ಹಾಗೆ ನೋಡಿದರೆ ಸುಮಾರು ನಾಲ್ಕು ಪಟ್ಟು!

ಆಮೇಲೆ ಕರೆಂಟು ಹುಟ್ಟಿಸಲು ಹಳೇ ಕಾರಿನ ಆಲ್ಟರ್ನೇಟರ್. ಪುಕ್ಕಟೆ ಸಿಕ್ಕಿತ್ತು, ಅದೇ ದುಬಾರಿಯಾಯಿತು. ಒಂದು ಮೀಟರ್ ಅಗಲ, ಒಂದು ಮೀಟರ್ ಎತ್ತರದ ಡೇರಿಯಸ್ ರೋಟರ್ (ನೆಟ್ಟಗೆ ನಿಂತ ಅಕ್ಷದ ಸುತ್ತ ಬ್ಲೇಡುಗಳು ತಿರುಗುವ ಟರ್ಬೈನ್ ಚಕ್ರ) ನಿಮಿಷಕ್ಕೆ 50–55 ಸುತ್ತು ಹಾಕುತ್ತದೆ. ಬೆಲ್ಟ್ ಹಾಕಿ ವೇಗ ನಾಲ್ಕು ಪಟ್ಟು ಮಾಡಿದರೂ ಆಲ್ಟರ್ನೇಟರಿಗೆ ಸಾಲಲಿಲ್ಲ, ಕರೆಂಟು ಬರಲಿಲ್ಲ. ಇನ್ನೊಂದು ಬೆಲ್ಟ್ ಹಾಕಿದೆ, ರೋಟರೇ ನಿಂತುಹೋಯಿತು. ಕೊನೆಗೆ ನಿಧಾನವಾಗಿ ತಿರುಗಿದರೂ ಕರೆಂಟು ಕೊಡುವ ಪರ್ಮನೆಂಟ್ ಮ್ಯಾಗ್ನೆಟ್ ಜನರೇಟರ್ ಕೊಂಡೆ. ಮೊದಲೇ ಕೊಂಡಿದ್ದರೆ ಎರಡು ಸೆಟ್ ಬೆಲ್ಟು, ಪುಲ್ಲಿಗಳ ದುಡ್ಡು ಉಳಿಯುತ್ತಿತ್ತು.

ದುಡ್ಡು ನುಂಗಿದ್ದು ಮಾತ್ರ ಕೇಬಲ್. ಮನೆ ನೂರು ಮೀಟರ್ ದೂರ. 12 ವೋಲ್ಟ್‌ನಲ್ಲಿ 10 ಆಂಪಿಯರ್ ಕಳಿಸಿದೆ. 6 ಚದರ ಮಿ.ಮೀ. ತಾಮ್ರದಲ್ಲೇ ಸುಮಾರು 6 ವೋಲ್ಟ್ ಮಾಯ. ಈಗ ಮೂರು ಫೇಸ್ ಎಸಿಯನ್ನೇ ಜಾಸ್ತಿ ವೋಲ್ಟೇಜಿನಲ್ಲಿ ತಂದು, ಬ್ಯಾಟರಿ ಪಕ್ಕದಲ್ಲಿ ಡಿಸಿ ಮಾಡುತ್ತೇನೆ. ಬ್ಯಾಟರಿ ತುಂಬಿದ ಮೇಲಿನ ಕರೆಂಟು ನೀರು ಕಾಯಿಸುತ್ತದೆ.

ನಿಜವಾದ ಶತ್ರು ಕಸ. ಹೊಸ ನೀರು ಬಂದ ಮೊದಲ ರಾತ್ರಿ ಕರೆಂಟು ಹೋಯಿತು. ಟಾರ್ಚ್ ಹಿಡಿದು ನೋಡಿದರೆ ರೋಟರ್ ಕಾಣಿಸುತ್ತಿಲ್ಲ, ಹುಲ್ಲಿನ ಮೆದೆಯೊಂದು ತೇಲುತ್ತಿದೆ! ಒಳಗೆ ಬಳ್ಳಿ, ಒಂದು ಚಪ್ಪಲಿ, ಬಗ್ಗಿದ ಬ್ಲೇಡು. ಅಡ್ಡ ಕಟ್ಟಿದ್ದ ಜಾಲರಿ ಕಸ ತಡೆಯುವ ಬದಲು ಹಿಡಿದಿಟ್ಟುಕೊಂಡು, ಭಾರ ತಾಳದೆ ಕಿತ್ತುಬಂದಿತ್ತು. ಈಗ ಮುಂದೆ ಚೂಪಾಗಿ, ಇಂಗ್ಲಿಷಿನ 'ವಿ' ಆಕಾರದಲ್ಲಿ ಸರಳು ಕಟ್ಟಿದ್ದೇನೆ. ಕಸ ಬದಿಗೆ ಜಾರುತ್ತದೆ. ಪೂರಾ ಅಲ್ಲ, ವಾರಕ್ಕೆರಡು ಸಲ ಕೋಲು ಹಿಡಿದು ಇಳಿಯಲೇಬೇಕು. ಪ್ರವಾಹ ಬಂದರೆ ರೋಟರನ್ನು ರಾಟೆಯಿಂದ ಮೇಲೆತ್ತಿಬಿಡುತ್ತೇನೆ.

ನಡುವೆ ಸುಮ್ನೆ ತಗಡಿನ ಆಲಿಕೆ ಮಾಡಿ ರೋಟರಿನ ಮುಂದಿಟ್ಟೆ. ನೀರು ಒಳಗೆ ನುಗ್ಗುವ ಬದಲು ಸುತ್ತಿಕೊಂಡು ಹೋಯಿತು. ಲಂಗರಿನ ಹಗ್ಗ ಮಾತ್ರ ತಂತಿಯ ಹಾಗೆ ಬಿಗಿಯಿತು. ತೆಗೆದುಹಾಕಿದೆ.

ಈ ರೋಟರ್ ತಾನಾಗಿ ಶುರುವಾಗುವುದಿಲ್ಲ ಅನ್ನುತ್ತಾರೆ. ನನ್ನದು ಆಗುತ್ತದೆ. ಬ್ಲೇಡನ್ನು ಎಷ್ಟು ಡಿಗ್ರಿ ತಿರುಗಿಸಿದೆ ಅಂತ ಹೇಳಲ್ಲ. ನನಗೆ ಎರಡು ತಿಂಗಳು ಹಿಡಿಯಿತು, ನೀವೂ ಸ್ವಲ್ಪ ಒದ್ದೆಯಾಗಿ.

ಈಗ ಬರುವುದು ಹೆಚ್ಚುಕಡಿಮೆ 220 ವಾಟ್. ಕಡಿಮೆ ಅನ್ನಬೇಡಿ, ರಾತ್ರಿಯೂ ಬರುತ್ತೆ. ದಿನಕ್ಕೆ ಐದು ಯೂನಿಟ್. ರೋಟರಿನ ಅಕ್ಷ ಕೂತು ತಿರುಗುವ ಕೆಳಗಿನ ಪ್ಲಾಸ್ಟಿಕ್ ಬುಷ್ ಮಾತ್ರ ಮರಳಿಗೆ ಐದೇ ತಿಂಗಳಲ್ಲಿ ಸವೆಯುತ್ತಿದೆ. ಎಣ್ಣೆಯಲ್ಲಿ ನೆನೆಸಿದ ಗಟ್ಟಿ ಮರದ ಬುಷ್ ಒಂದನ್ನು ಕಡೆದಿಟ್ಟಿದ್ದೇನೆ. ನೀರು ಇಳಿದ ಮೇಲೆ ಹಾಕಿ ನೋಡಬೇಕು.